ಎಡಗಣ್ಣಿನ ಉತ್ತರಗಳು

ಧಾರವಾಡ
8 ಜುಲೈ 2024

ತ್ರಿವೇಣಿ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಇಟ್ಟುಕೊಂಡು. ಬೈದುಕೋ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಹ್ಞಾಂ’, ‘ಹ್ಞೂಂ’, ‘ಆಯ್ತು’ ಇಷ್ಟರಲ್ಲೇ ಮುಗಿಸುತ್ತೀ. ನಿನಗೆ ನಿಜವಾಗಿ ಏನನ್ನಿಸಿತು ಎಂದು ಆಮೇಲೆ ನಾನು ತಲೆ ಕೆಡಿಸಿಕೊಳ್ಳಬೇಕು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದಾಗಲೂ ಹೇಳಬೇಕಾದ್ದನ್ನು ಚೀಟಿ ಬರೆದು ಸರಿಸುತ್ತಿದ್ದವಳು ನೀನು. ಹಾಗಾಗಿ ಇದು ನನ್ನ ಚೀಟಿ.

ಎಂಎ ಮುಗಿಸಿ ಹೊಸಪೇಟೆಯಲ್ಲಿ ತಿರುಮಲ ಡಾಕ್ಟರ ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟ್ ಟೈಪ್ ಮಾಡುತ್ತಿದ್ದೀ ಎಂದು ಕಂಪ್ಲಿಗೆ ಹೋದಾಗ ಅವ್ವ ಹೇಳಿದಳು. ನನ್ನ ಪಿಎಚ್‌ಡಿಯೂ ಅದೇ ಕೋಣೆಗೆ ಸಂಬಂಧಪಟ್ಟದ್ದು. ಪರದೆಯ ಮೇಲಿನ ಚಿತ್ರ ನೋಡಿದ್ದೀಯಲ್ಲ, ಒದ್ದೆ ಮರಳು ಚೆಲ್ಲಿದ ಹಾಗಿರುತ್ತದೆ. ಮಶೀನು ನಮಗೆ ಕೇಳಿಸದ ಶಬ್ದವನ್ನು ಮೈಯೊಳಕ್ಕೆ ಕಳಿಸಿ, ತಿರುಗಿ ಬಂದ ಮಾರ್ದನಿಯಿಂದ ಚಿತ್ರ ಕಟ್ಟುತ್ತದೆ. ಒಳಗಿನ ಸಣ್ಣಪುಟ್ಟ ಕಣಗಳೆಲ್ಲ ಒಟ್ಟಿಗೆ ಮಾರ್ದನಿಸಿ, ಒಂದರ ಮೇಲೊಂದು ಬಿದ್ದು ಆ ಮರಳಾಗುತ್ತದೆ. ನಾನು ಬರೆದ ಪ್ರೋಗ್ರಾಂ ಮರಳನ್ನು ನಯ ಮಾಡಿ ಅಂಗಗಳ ಅಂಚನ್ನು ಎತ್ತಿ ತೋರಿಸುತ್ತದೆ. ಎಷ್ಟು ನಯ ಮಾಡಬೇಕು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಪಳಗಿದ ಕಣ್ಣೊಂದು ಹೇಳಿಕೊಡಬೇಕು.

ನಿಮ್ಮ ಡಾಕ್ಟರು ಒಪ್ಪಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಇದರ ಜೊತೆಗಿರುವ ಪೆನ್‌ಡ್ರೈವ್ ಹಾಕಿದರೆ ಒಂದೇ ಚಿತ್ರದ ಎರಡು ರೂಪ ಅಕ್ಕಪಕ್ಕ ಬರುತ್ತವೆ. ಯಾವುದು ಸ್ಪಷ್ಟ ಎಂದು ಅವರು ಹೇಳಬೇಕು, ನೀನು ಒತ್ತಬೇಕು. ಅವರ ಆಯ್ಕೆಯಿಂದ ಪ್ರೋಗ್ರಾಂ ಕಲಿಯುತ್ತದೆ. ನಿಮ್ಮ ಸೆಂಟರಿನ ಹೊಸ ಚಿತ್ರಗಳನ್ನೂ ಅದರಲ್ಲೇ ಹಾಕಿಕೊಡು; ಅವಕ್ಕೆ ರೋಗಿಯ ಒಪ್ಪಿಗೆ ಬೇಕು, ಹೆಸರಿನ ಬದಲು ನಂಬರು ಇರಬೇಕು, ಗರ್ಭಿಣಿಯರ ಒಂದೂ ಚಿತ್ರ ಕೂಡದು. ವಾಟ್ಸಾಪು, ಈಮೇಲು ಎರಡೂ ಬೇಡವೆಂದು ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿಯ ನಿಯಮ. ಪೆನ್‌ಡ್ರೈವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು. ಜೊತೆಗೆ ನಾಲ್ಕು ಸಾಲು ಬರೆದರೆ ಕಮಿಟಿ ತಡೆಯುವುದಿಲ್ಲ.

ಬರುವ ಜನವರಿಯಲ್ಲಿ ಕಂಪ್ಲಿಯ ಒಂದು, ಸಂಡೂರಿನ ಒಂದು ಸೆಂಟರಿನಲ್ಲಿ ಇದನ್ನು ಹಾಕಿ ನೋಡುವುದೆಂದು ಮಾತಾಗಿದೆ. ಎರಡೂ ಕಡೆ ಹಳೆಯ ಮಶೀನು. ಹೊಟ್ಟೆ ಹಿಡಿದುಕೊಂಡು ಬಂದವರನ್ನು ‘ಇದ್ರಾಗ ಸರಿಯಾಗಿ ಕಾಣವಲ್ದು, ಹೊಸಪೇಟಿಗೆ ಹೋಗ್ರಿ’ ಎಂದು ಬಸ್ಸು ಹತ್ತಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ನಿಲ್ಲಬೇಕು. ನಿಲ್ಲಿಸುತ್ತೇನೆ.

ನಿನ್ನ
ಸೌಜನ್ಯ


ಹೊಸಪೇಟೆ
19 ಜುಲೈ 2024

ಪ್ರಿಯ ಸೌಜನ್ಯ,

ಬೈದುಕೊಳ್ಳಲಿಲ್ಲ. ಚಿತ್ತವಾಡ್ಗಿಯ ಮನೆಯಿಂದ ಸೆಂಟರಿಗೆ ಆಟೋದಲ್ಲಿ ಬರುವಾಗ ನಿನ್ನ ಪತ್ರವನ್ನು ಎರಡು ಸಲ ಓದಿದೆ.

ನಮ್ಮ ಸೆಂಟರಿನ ಬಗ್ಗೆ ಹೇಳುತ್ತೇನೆ. ಹೊರಗೆ ಕೌಂಟರಿನಲ್ಲಿ ಡಾಕ್ಟರ ಹೆಂಡತಿ ಸರಸ್ವತೀಬಾಯಿಯವರು ಟೋಕನ್ ಕೊಡುತ್ತಾರೆ. ಒಳಗೆ ಕತ್ತಲೆ ಕೋಣೆಯಲ್ಲಿ ಡಾಕ್ಟರು, ಅವರ ಹಿಂದೆ ಕಂಪ್ಯೂಟರಿನ ಮುಂದೆ ನಾನು. ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಹಣೆಗೆ ಅಂಗಾರ ಅಕ್ಷತೆ ಇಡದೆ ಅವರು ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಹಿಡಿಯುವುದಿಲ್ಲ. ಊರಿನ ಅರ್ಧ ಜನದ ಪಿತ್ತಕೋಶ, ಮೂತ್ರಪಿಂಡ ನೋಡಿರುವವರು. ದಾರಿಯಲ್ಲಿ ನಮಸ್ಕಾರ ಮಾಡಿದವರ ಹೆಸರು ನೆನಪಿರುವುದಿಲ್ಲ, ಅವರ ಕಲ್ಲು ಎಷ್ಟು ದೊಡ್ಡದಿತ್ತೆಂದು ನೆನಪಿರುತ್ತದೆ.

ನಿನ್ನೆ ನಿಮ್ಮ ಕಂಪ್ಲಿ ಕಡೆಯ ಹುಲುಗಮ್ಮ ಎಂಬವಳು ಬಂದಿದ್ದಳು. ಭತ್ತ ನಾಟಿ ಮಾಡುವವಳು. ಉಂಡ ಮೇಲೆ ಬಲಪಕ್ಕೆಯಲ್ಲಿ ನೋವು. ಜೆಲ್ ಹಚ್ಚಿದ ಕೂಡಲೇ, “ಯವ್ವಾ! ಐಸ್ ಇಟ್ರಲ್ರೀ ಹೊಟ್ಟಿ ಮ್ಯಾಲ!” ಎಂದು ಅರ್ಧ ಎದ್ದಳು.

“ಐಸ್ ಅಲ್ಲವಾ. ಮಲಕ್ಕೋ. ಉಸಿರು ಎಳಿ... ಹಿಡಿ. ಬಿಡಬ್ಯಾಡ.”

ಹಿಡಿದಳು. ಡಾಕ್ಟರು ಪರದೆ ನೋಡುತ್ತಲೇ ಇದ್ದರು. ನೋಡುತ್ತಲೇ ಇದ್ದರು. ಹುಲುಗಮ್ಮನ ಕಣ್ಣು ದೊಡ್ಡವಾದವು. ಕೊನೆಗೆ ಅವಳೇ ಭುಸ್ಸೆಂದು ಬಿಟ್ಟು, “ಏನ್ರೀ ಯಪ್ಪಾ, ನನ್ನ ಮ್ಯಾಲ ಕಳಿಸಾಕಂತ ಕುಂತೀರೇನು?” ಎಂದಳು. ಎಲ್ಲರೂ ನಕ್ಕೆವು. ‘ಏನಿಲ್ಲ, ಗ್ಯಾಸು’ ಎಂದು ರಿಪೋರ್ಟಾಯಿತು. “ಗ್ಯಾಸು ಹಿಂಗ ಚುಚ್ಚತೈತೇನ್ರಿ?” ಎಂದು ಗೊಣಗುತ್ತ ಹೋದಳು. ಚಿತ್ರಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ. ‘ನನ್ನ ಹೊಟ್ಟಿ ಫೋಟೋ ಯಾರ್ ನೋಡಿದ್ರೇನು’ ಎಂದಳು. ಅವಳದು ಹದಿನೇಳನೆಯ ನಂಬರು. ಹೆಸರನ್ನು ಬರೆದುಬಿಟ್ಟೆನಲ್ಲ, ಮೇಲಿನ ಸಾಲುಗಳನ್ನು ಓದಿ ಮರೆತುಬಿಡು. ಇನ್ನು ಮೇಲೆ ಬರೆಯುವುದಿಲ್ಲ.

ಮಧ್ಯಾಹ್ನ ರೋಗಿಗಳು ಹೋದ ಮೇಲೆ ನಿನ್ನ ಚಿತ್ರಗಳನ್ನು ಹಾಕಿದೆ. ಅವರು ‘ಎಡಕಿಂದು’, ‘ಬಲಕಿಂದು’ ಎನ್ನುತ್ತ ಹೋದರು. ಹೆಚ್ಚು ಕಡಿಮೆ ಪ್ರತಿ ಸಲ ನಯ ಮಾಡಿದ ಚಿತ್ರವನ್ನೇ ಆರಿಸಿದರು. “ನಿನ್ನ ಗೆಳತಿ ಶ್ಯಾಣ್ಯಾಕಿ ಇದ್ದಾಳ. ನೋಡಿಲ್ಲಿ, ಬೆಣ್ಣಿ ಹಂಗದ” ಎಂದರು. ಪೆನ್‌ಡ್ರೈವ್ ಇದರ ಜೊತೆಗಿದೆ.

ನಿನ್ನ
ತ್ರಿವೇಣಿ


ಧಾರವಾಡ
30 ಆಗಸ್ಟ್ 2024

ತ್ರಿವೇಣಿ,

ನಿನ್ನ ಡಾಕ್ಟರು ಬಂಗಾರದಂಥ ಮನುಷ್ಯ. ಉತ್ತರಗಳು ಎಷ್ಟು ಒಂದೇ ಸಮನೆ ಇವೆ ಎಂದರೆ ನಮ್ಮ ಗೈಡು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸಾಮಾನ್ಯವಾಗಿ ಒಬ್ಬರೇ ಡಾಕ್ಟರು ಇವತ್ತು ಒಂದು ಹೇಳಿ ನಾಳೆ ಇನ್ನೊಂದು ಹೇಳುತ್ತಾರಂತೆ. ಇವರದು ಒಂದೇ ದಿಕ್ಕು: ಇನ್ನೂ ನಯ, ಇನ್ನೂ ದಪ್ಪ ಅಂಚು. ಅದರ ಪ್ರಕಾರ ಎರಡನೆಯ ಆವೃತ್ತಿ ಮಾಡಿದ್ದೇನೆ. ನೋಡಿದವರೆಲ್ಲ ‘ಆಹಾ’ ಎಂದರು. ನೋಡಿದವರು ಇಂಜಿನಿಯರುಗಳು, ಅದು ಬೇರೆ ಮಾತು.

ಹೊಸ ಚಿತ್ರಗಳನ್ನು ಕಳಿಸಿದ್ದೇನೆ. ಈ ಸಲ ಬರೀ ಎಡ, ಬಲ ಸಾಲದು. ಅವರು ನೋಡುವುದನ್ನು ನೀನು ನೋಡಿ ಬರೆ. ಎಲ್ಲಿ ತಡೆದರು, ಎಲ್ಲಿ ಮುಂದಕ್ಕೆ ಬಾಗಿದರು, ಯಾವುದಕ್ಕೆ ಹುಬ್ಬು ಗಂಟು ಹಾಕಿದರು. ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂತು ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದೆಯಲ್ಲ, ಹಾಗೆ.

ಕಂಪ್ಲಿಯವರೂ ಸಂಡೂರಿನವರೂ ಜನವರಿಗೆ ಹ್ಞೂಂ ಎಂದಿದ್ದಾರೆ.

ಸೌಜನ್ಯ


ಹೊಸಪೇಟೆ
16 ಸೆಪ್ಟೆಂಬರ್ 2024

ಪ್ರಿಯ ಸೌಜನ್ಯ,

ನೋಡಿದ್ದನ್ನು ಬರೆ ಎಂದೆ. ಬರೆಯುತ್ತೇನೆ.

ಚಿತ್ರ ಬಂದ ಕೂಡಲೇ ಮೂಗು ಪರದೆಗೆ ತಾಗುವಷ್ಟು ಬಾಗುತ್ತಾರೆ. ಆಮೇಲೆ ಹಿಂದಕ್ಕೆ ಬಂದು, ತಲೆ ಸ್ವಲ್ಪ ಎಡಕ್ಕೆ ವಾಲಿಸಿ ಉತ್ತರ ಹೇಳುತ್ತಾರೆ. ಕಿಟಕಿಗೆ ಈಗ ಎರಡನೆಯ ಕಪ್ಪು ಪರದೆ ಹಾಕಿಸಿದ್ದಾರೆ. ಬಾಗಿಲ ಸಂದಿನಿಂದ ಒಂದು ಗೆರೆ ಬೆಳಕು ಬಿದ್ದರೂ ‘ಯಾರದು, ಮುಚ್ಚರಿ’ ಎನ್ನುತ್ತಾರೆ. ಮಶೀನಿನಲ್ಲಿ ಚಿತ್ರದ ಬೆಳಕು ಹೆಚ್ಚಿಸುವ ಗುಂಡಿಯನ್ನು ಮೊದಲಿಗಿಂತ ಹೆಚ್ಚು ತಿರುಗಿಸುತ್ತಾರೆ. ಜೆಲ್ ಬಾಟಲಿ ಕೈ ಹತ್ತಿರವೇ ಇರುತ್ತದೆ, ಆದರೂ ನನ್ನ ಕಡೆ ಕೈ ಚಾಚುತ್ತಾರೆ. ನಾನು ಕೊಡುತ್ತೇನೆ.

ಬೆಳಿಗ್ಗೆ ಸರಸ್ವತೀಬಾಯಿಯವರು ಕೌಂಟರಿನಲ್ಲಿ ಪೇಪರನ್ನು ಗಟ್ಟಿಯಾಗಿ ಓದುತ್ತಾರೆ. ಡಾಕ್ಟರು ಕಾಫಿ ಕುಡಿಯುತ್ತ ಕೇಳುತ್ತಾರೆ. “ನನ್ನ ಓದೋ ರೂಢಿ ತಪ್ಪಬಾರದಂತ ಇವರ ಕಾಳಜಿ” ಎಂದು ಸರಸ್ವತೀಬಾಯಿಯವರು ನಗುತ್ತಾರೆ. ಪ್ರತಿ ಶನಿವಾರ ಸಂಡೂರಿಗೆ ಹೋಗಿ ಮಾಡುತ್ತಿದ್ದ ಸ್ಕ್ಯಾನಿಂಗನ್ನು ಬಿಟ್ಟರು. ಸಂಜೆ ತಿರುಗಿ ಬರುವಾಗ ಅದಿರು ಲಾರಿಗಳ ಲೈಟು ಕಣ್ಣಿಗೆ ಬಡಿಯುತ್ತದಂತೆ. “ಡ್ರೈವರ್ ಇಟಗೋರಿ” ಎಂದರೆ, “ಲಾರಿಯವರು ಡ್ರೈವರಿಗೂ ಬಡೀತಾರ” ಎನ್ನುತ್ತಾರೆ.

ಹೋದ ಭಾನುವಾರ ಅವರ ಮನೆಗೆ ನೆಂಟರು ಬಂದಿದ್ದರು. ಹಂಪಿಗೆ ಹೊರಟಾಗ ನನ್ನನ್ನೂ ಕರೆದರು. ಹಜಾರರಾಮ ಗುಡಿಯ ಹೊರಗೋಡೆಯ ಮುಂದೆ ಡಾಕ್ಟರು ಮಕ್ಕಳನ್ನು ನಿಲ್ಲಿಸಿ, “ಇಲ್ಲಿ ನೋಡ್ರಿ, ಆನಿ ಸಾಲು” ಎಂದು ಕೈ ತೋರಿಸಿದರು. ಅವರ ಬೆರಳು ಕುದುರೆಗಳ ಮೇಲಿತ್ತು. ಆನೆಗಳು ಇದ್ದದ್ದು ಅದರ ಕೆಳಗಿನ ಸಾಲಿನಲ್ಲಿ. ಒಬ್ಬ ಹುಡುಗಿ ಬಾಯಿ ತೆರೆದಳು. ಸರಸ್ವತೀಬಾಯಿಯವರು ಅವಳ ಕೈಗೆ ಬಿಸ್ಕೀಟು ಕೊಟ್ಟರು. ಒಳಗೆ ಹೋಗಿ ಕತ್ತಲ ಮಂಟಪದಿಂದ ಹೊರಗೆ ಬಿಸಿಲಿಗೆ ಬಂದಾಗ ಡಾಕ್ಟರು ಮೆಟ್ಟಿಲ ಮೇಲೆ ನಿಂತುಬಿಟ್ಟರು. ಸರಸ್ವತೀಬಾಯಿಯವರು ಅವರ ಎಡಕ್ಕೆ ಬಂದು ಹೆಗಲು ಕೊಟ್ಟರು. ಅದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ನೆಂಟರು ಯಾರೂ ಗಮನಿಸಲಿಲ್ಲ.

ನೀನು ಕೇಳಿದ್ದು ಸ್ಕ್ಯಾನಿಂಗ್ ಕೋಣೆಯ ವಿಷಯ. ಹಂಪಿಯದನ್ನು ಯಾಕೆ ಬರೆದೆನೋ ತಿಳಿಯದು.

ನಿನ್ನ
ತ್ರಿವೇಣಿ


ಧಾರವಾಡ
1 ಅಕ್ಟೋಬರ್ 2024

ತ್ರಿವೇಣಿ,

ಹಂಪಿ ಪ್ರವಾಸ ಓದಿ ಸಂತೋಷವಾಯಿತು. ಉತ್ತರಗಳನ್ನು ನೋಡಿ ಇನ್ನೂ ಸಂತೋಷವಾಯಿತು. ಮೂರನೆಯ ಆವೃತ್ತಿ ಇದೆ ಇದರಲ್ಲಿ. ಇದೇ ಕೊನೆಯದು. ಇದಕ್ಕೂ ಅವರು ಬೆಣ್ಣೆ ಎಂದರೆ ನಾನು ಬರೆಯಲು ಕೂರುತ್ತೇನೆ. ಜಲ್ದಿ ಮಾಡಿಸು. ಬೇರೆ ಬರೆಯಲು ಹೊತ್ತಿಲ್ಲ.

ಸೌಜನ್ಯ


ಹೊಸಪೇಟೆ
21 ಅಕ್ಟೋಬರ್ 2024

ಪ್ರಿಯ ಸೌಜನ್ಯ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ.

ಹೋದ ವಾರ ನಾನೊಂದು ತಪ್ಪು ಮಾಡಿದೆ. ಫೈಲು ತೆರೆಯುವಾಗ ಎಡಕ್ಕೂ ಬಲಕ್ಕೂ ಒಂದೇ ಚಿತ್ರವನ್ನು ಹಾಕಿಬಿಟ್ಟೆ. ನೀನು ಮುಟ್ಟದ, ಮಶೀನಿನಿಂದ ಬಂದ ಹಾಗೇ ಇರುವ ಮರಳು ಮರಳಾದ ಚಿತ್ರ, ಎರಡೂ ಕಡೆ ಅದೇ. ನನಗೆ ಗೊತ್ತಾಗುವಷ್ಟರಲ್ಲಿ ಡಾಕ್ಟರು ಬಾಗಿ ನೋಡಿ, ಹಿಂದಕ್ಕೆ ಸರಿದು, “ಬಲಕಿಂದು. ಇದರಾಗ ಅಂಚು ಚಲೋ ಬಂದದ” ಎಂದರು. ಅಷ್ಟು ಭರವಸೆಯಿಂದ ಹೇಳಿದರೆಂದರೆ, ನಾನೇ ಮತ್ತೊಮ್ಮೆ ಪರದೆ ನೋಡಿದೆ. ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮಾರನೆಯ ದಿನ ಸರಸ್ವತೀಬಾಯಿಯವರು ಕೋಣೆಗೆ ಗಾಳಿಯಾಡಲೆಂದು ಪರದೆ ಸರಿಸಿದ್ದರು. ಡಾಕ್ಟರು ಕಿಟಕಿಗೆ ಮುಖ ಮಾಡಿ ಕೂತಿದ್ದರು. ಬಿಸಿಲು ನೇರ ಕಣ್ಣಿಗೆ ಬಿದ್ದಿತ್ತು. ಕಪ್ಪಗಿರಬೇಕಾದ ಕಡೆ, ನಡುವೆ, ಹಾಲು ಬೆರೆಸಿದ ನೀರಿನ ಬಣ್ಣ. ಬಲಗಣ್ಣಿನಲ್ಲಿ ಹೆಚ್ಚು. ನಮ್ಮ ಅಜ್ಜಿಯ ಕಣ್ಣಿನಲ್ಲಿ ಇದನ್ನು ನಾನು ನೋಡಿದ್ದೆ.

ಕಣ್ಣಿಗೆ ಪೊರೆ ಬಂದಿದೆ, ಸೌಜನ್ಯ. ಅವರಿಗೆ ಸಣ್ಣದು ಕಾಣುವುದಿಲ್ಲ. ದಪ್ಪಗೆ ಗೆರೆ ಎಳೆದರೆ ಕಾಣುತ್ತದೆ. ಅದಕ್ಕೇ ಅವರಿಗೆ ನಿನ್ನ ಚಿತ್ರ ಬೆಣ್ಣೆ. ಅದಕ್ಕೇ ಅವರ ಉತ್ತರಗಳಿಗೆ ಒಂದೇ ದಿಕ್ಕು. ನಿನ್ನ ಪ್ರೋಗ್ರಾಂ ಈ ನಾಲ್ಕು ತಿಂಗಳು ಕಲಿತದ್ದು ಆ ಪೊರೆಯ ಮೂಲಕ ನೋಡುವುದನ್ನು.

ಜನವರಿಯಲ್ಲಿ ಅದು ಕಂಪ್ಲಿಗೆ ಹೋಗುತ್ತದೆ. ಅಲ್ಲಿಯ ಡಾಕ್ಟರ ಕಣ್ಣು ಚೆನ್ನಾಗಿದ್ದರೂ ಅವರು ಇದನ್ನೇ ನೋಡಬೇಕಾಗುತ್ತದೆ.

ಅವರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ.

ತ್ರಿವೇಣಿ


ಧಾರವಾಡ
26 ಅಕ್ಟೋಬರ್ 2024

ತ್ರಿವೇಣಿ,

ಅವರು ಮೂವತ್ತು ವರ್ಷದಿಂದ ಸ್ಕ್ಯಾನಿಂಗ್ ಮಾಡುತ್ತಿರುವವರು. ನೀನು ಓದಿದ್ದು ಸಾಹಿತ್ಯ. ಕಿಟಕಿಯ ಬಿಸಿಲು, ಅಜ್ಜಿಯ ಕಣ್ಣು, ಕುದುರೆ, ಆನೆ, ಇವನ್ನೆಲ್ಲ ಸೇರಿಸಿ ಕಥೆ ಕಟ್ಟುವುದು ನಿನಗೆ ಬರುತ್ತದೆ. ನನ್ನ ಕೆಲಸ ಕಥೆಯ ಮೇಲೆ ನಿಂತಿಲ್ಲ. ಫೈಲು ತಪ್ಪಾಗಿ ಹಾಕಿದವಳು ನೀನು.

ಪೆನ್‌ಡ್ರೈವ್ ವಾಪಸು ಕಳಿಸು. ಪತ್ರ ಬೇಡ.

ಸೌಜನ್ಯ


ಧಾರವಾಡ
24 ನವೆಂಬರ್ 2024

ತ್ರಿವೇಣಿ,

ಪೆನ್‌ಡ್ರೈವ್ ಮಾತ್ರ ಬಂತು. ಲಕೋಟೆಯೊಳಗೆ ಬೆರಳು ಹಾಕಿ ಹುಡುಕಿದೆ. ಬೇಡ ಎಂದವಳು ನಾನೇ.

ನಿನ್ನ ಮಾತು ಸುಳ್ಳೆಂದು ತೋರಿಸುವ ಹಠದಲ್ಲಿ ಹುಬ್ಬಳ್ಳಿಗೆ ಹೋಗಿ ಇಬ್ಬರು ಡಾಕ್ಟರಿಗೆ ಮೂರನೆಯ ಆವೃತ್ತಿ ತೋರಿಸಿದೆ. ಮೊದಲನೆಯವರು ಮರ್ಯಾದಸ್ಥರು, ಸುಮ್ಮನೆ ತಲೆಯಾಡಿಸಿದರು. ಎರಡನೆಯಾಕೆ ನಕ್ಕೇಬಿಟ್ಟಳು. “ಇದೇನ್ರೀ ಇದು, ಲಿವರೋ ಸಾಬೂನೋ? ಮರಳು ನೋಡೇ ನಾವು ಲಿವರ್ ಕೆಟ್ಟದೋ ಇಲ್ಲೋ ಹೇಳೋದು. ನೀವು ಗುಡಿಸಿ ಸಾರಿಸಿ ರಂಗೋಲಿ ಹಾಕೀರಲ್ಲ!”

ಆಮೇಲೆ ಹದಿನೇಳನೆಯ ನಂಬರಿನ ಚಿತ್ರಕ್ಕೆ ಬಂದಳು. ನಗು ನಿಂತಿತು. ಮುಟ್ಟದ ಚಿತ್ರ ಕೇಳಿದಳು. ಪಕ್ಕದಲ್ಲಿ ಹಾಕಿ ತೋರಿಸಿದೆ. ಕಲ್ಲು ಶಬ್ದವನ್ನು ಮುಂದೆ ಬಿಡುವುದಿಲ್ಲ, ಹಾಗಾಗಿ ಕಲ್ಲಿನ ಹಿಂದೆ ಒಂದು ಕಪ್ಪು ಪಟ್ಟಿ ಬೀಳುತ್ತದೆ. ಕಲ್ಲು ಸಣ್ಣದಾದರೆ ಅದನ್ನು ಹಿಡಿಯುವುದು ಆ ನೆರಳಿನಿಂದಲೇ. ಮುಟ್ಟದ ಚಿತ್ರದಲ್ಲಿ ಪಿತ್ತಕೋಶದ ಕೆಳಗೆ ಮರಳಿನ ನಡುವೆ ದಾರದಷ್ಟು ಸಣ್ಣ ನೆರಳು ಎರಡು ಕಡೆ ಇತ್ತು. ನನ್ನ ಚಿತ್ರದಲ್ಲಿ ಇಲ್ಲ. ನನ್ನ ಪ್ರೋಗ್ರಾಂ ಅದನ್ನು ಕೊಳೆ ಎಂದು ಒರೆಸಿತ್ತು.

ಅಪ್ಪನ ಮಿಲ್ಲಿನಲ್ಲಿ ಅಕ್ಕಿಗೆ ಪಾಲಿಶ್ ಹೊಡೆಯುವುದನ್ನು ನೋಡಿ ಬೆಳೆದವಳು ನಾನು. ಬೆಳ್ಳಗೆ, ಇನ್ನೂ ಬೆಳ್ಳಗೆ ಎಂದು ಹೊಡೆದರೆ ತೌಡಿನ ಜೊತೆ ಅಕ್ಕಿಯ ಸತ್ವವೂ ಹೋಗುತ್ತದೆ. ಗಿರಾಕಿ ಬೆಳ್ಳಗಿದ್ದದ್ದನ್ನೇ ಕೇಳುತ್ತಾನೆ ಎಂದು ಅಪ್ಪ ಹೊಡೆಯುತ್ತಾರೆ. ನಾನೂ ಹೊಡೆದೆ.

ಗೈಡಿಗೆ ಹೇಳಿದೆ. ಜನವರಿ ಇಲ್ಲ. ಮೊದಲಿನಿಂದ ಶುರು. ಒಬ್ಬರ ಕಣ್ಣಲ್ಲ, ಹಲವರ ಕಣ್ಣು ಬೇಕು. ಒಂದು ವಾರ ಊಟ ಸೇರಲಿಲ್ಲ, ಈಗ ಸೇರುತ್ತಿದೆ. ಕೆಲಸ ಮಾಡುತ್ತಿದ್ದೇನೆ.

ಹದಿನೇಳು ಯಾರೆಂದು ನಾನು ಮರೆತಿದ್ದೇನೆ. ನೀನು ಮರೆತಿರುವುದಿಲ್ಲ. ಅವಳನ್ನು ಕರೆಸಬೇಕು, ಅದಕ್ಕೆ ಮೊದಲು ಡಾಕ್ಟರಿಗೆ ಹೇಳಬೇಕು. ನಾನು ಹೇಳಿದರೆ ಹೊರಗಿನವಳ ದೂರು ಆಗುತ್ತದೆ. ಅವರಿಗೆ ಒಂದು ಪತ್ರ ಬರೆದು ಕೊಡು. ಬರೆಯುವುದು ನಿನಗೆ ಬರುತ್ತದೆ.

ನನ್ನ ಹೋದ ಪತ್ರಕ್ಕೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.

ನಿನ್ನ
ಸೌಜನ್ಯ


ಹೊಸಪೇಟೆ
3 ಡಿಸೆಂಬರ್ 2024

ಪ್ರಿಯ ಸೌಜನ್ಯ,

ಏನೂ ಹೇಳಬೇಡ. ಇದನ್ನು ಕೇಳು.

ನೀನು ಹೇಳಿದ ಹಾಗೇ ಪತ್ರ ಬರೆದೆ. ಭಾನುವಾರ ಇಡೀ ಕೂತು, ಒಂದು ಮಾತೂ ಚುಚ್ಚದ ಹಾಗೆ, ಒಂದು ಮಾತೂ ಬಿಡದ ಹಾಗೆ. ಸೋಮವಾರ ಮೊದಲ ರೋಗಿ ಬರುವ ಮುಂಚೆ ಅವರ ಕೈಗೆ ಕೊಟ್ಟೆ. ಅವರು ಮೇಜಿನ ದೀಪ ಹಚ್ಚಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಎರಡನೆಯ ಪುಟ ತಿರುವಿ, ಮಡಚಿ ಜೇಬಿಗೆ ಇಟ್ಟುಕೊಂಡರು.

“ಓದಿದೆ. ಭಾಳ ಚಲೋ ಬರದಿ. ಅಕ್ಷರ ಮುತ್ತಿನಂಗ ಅವ.”

ಆ ಪತ್ರ ಓದಿದವರು ಹಾಗೆ ಹೇಳಲು ಸಾಧ್ಯವಿರಲಿಲ್ಲ. ಆಗಲೇ ನನಗೆ ಹೊಳೆದದ್ದು, ನಾನು ಎಂಥ ದಡ್ಡಿ ಎಂದು. ಕಣ್ಣು ಕಾಣುವುದಿಲ್ಲ ಎಂಬ ಸುದ್ದಿಯನ್ನು ಕಣ್ಣು ಕಾಣದವರಿಗೆ ಸಣ್ಣ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ. ನನಗೆ ಬರುವುದು ಅದೊಂದೇ.

ಬಾಗಿಲ ತನಕ ಹೋದೆ. ಅಲ್ಲೇ ನಿಂತೆ. ಅವರ ಕಡೆ ತಿರುಗಿದೆ.

“ಸರ್, ಅದ್ರಾಗ ಏನ್ ಬರ್ದೀನಿ ಹೇಳ್ರಿ.”

“ಅದ... ರಜಾ ಬೇಕಂತ ಬರದಿ. ತಗೋ, ಯಾರ ಬ್ಯಾಡ ಅಂದಾರ?”

“ರಜಾ ಅಲ್ರಿ ಸರ್.” ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. “ನಿಮ್ಮ ಕಣ್ಣಾಗ ಪೊರಿ ಬಂದೈತ್ರಿ. ಸ್ಕ್ರೀನ್ ನಿಮಗ ಕಾಣವಲ್ದು. ಎರಡೂ ಕಡೆ ಒಂದ ಚಿತ್ರ ಇಟ್ಟಾಗ ಬಲಕಿಂದು ಚಲೋ ಅಂದ್ರಿ. ಕಂಪ್ಲಿ ಹುಲುಗಮ್ಮಗ ಗ್ಯಾಸ್ ಅಲ್ರಿ, ಕಲ್ಲು ಐತಿ ಅಂತ ಹುಬ್ಬಳ್ಳಿ ಡಾಕ್ಟರು ಹೇಳ್ಯಾರ. ಚಿತ್ರದಾಗ ಇತ್ತು. ನಿಮಗ ಕಾಣಲಿಲ್ಲ.”

ಇಷ್ಟು ಉದ್ದದ ಮಾತನ್ನು ನಾನು ಯಾರಿಗೂ ಒಟ್ಟಿಗೆ ಆಡಿದ್ದಿಲ್ಲ. ಡಾಕ್ಟರು ಪ್ರೋಬನ್ನು ಕೈಗೆ ತೆಗೆದುಕೊಂಡು ಅದರ ವೈರನ್ನು ನೀಟಾಗಿ ಸುತ್ತತೊಡಗಿದರು. ಸುತ್ತಿ ಮುಗಿಸಿ ಕೊಕ್ಕೆಗೆ ಹಾಕಿದರು. ಮೊದಲ ಸಲಕ್ಕೆ ಕೊಕ್ಕೆ ಸಿಗಲಿಲ್ಲ.

“ಹೊರಗ ಮಂದಿ ಅದಾರೇನು?”

“ಭಾಳ ಮಂದಿ ಅದಾರ್ರಿ.”

“ಇವತ್ತು ಸ್ಕ್ಯಾನಿಂಗ್ ಇಲ್ಲ ಅಂತ ಹೇಳಿ ಬಾ. ಜೋರಾಗಿ ಹೇಳು. ನೀ ಪಿಸುಪಿಸು ಅಂದ್ರ ಯಾರಿಗೂ ಕೇಳಸಂಗಿಲ್ಲ.”

ಹೊರಗೆ ಹೋಗಿ ಜೋರಾಗಿ ಹೇಳಿದೆ. ಮರಿಯಮ್ಮನಹಳ್ಳಿಯ ಒಬ್ಬರು ಎದ್ದು ನಿಂತು, “ಏನವಾ, ಉಪಾಸ ಬಾ ಅಂದ್ರಿ, ಚಾ ಸುದ್ದಾ ಕುಡೀದ ಬಂದೀನಿ. ಮೊದಲ ಹೇಳಾಕ ಬಾಯಿ ಇರಲಿಲ್ಲೇನು?” ಎಂದರು. ಇರಲಿಲ್ಲ ಎನ್ನಬೇಕೆಂದಿದ್ದೆ. ಕೈ ಮುಗಿದು, ಮುಂದಿನ ಬೀದಿಯ ಸೆಂಟರಿಗೆ ಹೋಗುವ ದಾರಿ ಹೇಳಿದೆ.

ಸರಸ್ವತೀಬಾಯಿಯವರು ಟೋಕನ್ನುಗಳನ್ನು ಡಬ್ಬಿಗೆ ತುಂಬಿದರು. “ವರ್ಷ ಆತು,” ಎಂದರು ನನ್ನನ್ನು ನೋಡದೆ. “ಈ ಮಾತು ಹೇಳಲಿಕ್ಕೆ ಬಾಯಿ ತೆಗೀತೀನಿ, ಮುಚ್ಚತೀನಿ. ಅವರು ಕೇಳಿದ್ದೆಲ್ಲಾ ಓದಿ ಹೇಳಿದೆ. ಇದೊಂದು ಬಿಟ್ಟು.” ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಪೇಪರ್ ಓದುವಾಗಿನ ಅವರ ಅದೇ ಧ್ವನಿ ಕೇಳಿಸಿತು. ನನ್ನ ಪತ್ರ ಓದುತ್ತಿದ್ದರು, ಮೊದಲ ಸಾಲಿನಿಂದ.

ಇನ್ನು ಮೇಲೆ ನನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಬಿಡದಿದ್ದರೂ ಹುಲುಗಮ್ಮನನ್ನು ಹುಡುಕಿಕೊಂಡು ಕಂಪ್ಲಿಗೆ ಹೋಗುತ್ತೇನೆ.

ನಿನ್ನ
ತ್ರಿವೇಣಿ


ಹೊಸಪೇಟೆ
29 ಡಿಸೆಂಬರ್ 2024

ಚಿ. ಸೌಜನ್ಯಳಿಗೆ ತಿರುಮಲನ ಆಶೀರ್ವಾದಗಳು.

ಅಕ್ಷರ ದೊಡ್ಡವಾಗಿವೆ, ಕ್ಷಮಿಸು. ಹೊಸ ಕನ್ನಡಕ ಬರಲು ಇನ್ನೂ ಕೆಲವು ದಿನ ಬೇಕಂತೆ. ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಹೆಂಡತಿಯ ಸೀರೆ ನೀಲಿ ಎಂದು ತಿಳಿಯಿತು. ನಾನು ಬೂದಿ ಬಣ್ಣ ಎಂದುಕೊಂಡಿದ್ದೆ.

ಕೆಲಸದ ವಿಷಯ. ಒಂದು: ಜುಲೈಯಿಂದ ನಾನು ಕೊಟ್ಟ ಉತ್ತರಗಳನ್ನೆಲ್ಲ ತೆಗೆದುಹಾಕು. ಎರಡು: ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ನಿನ್ನ ಮೂರನೆಯ ಆವೃತ್ತಿಯನ್ನು ಮೊನ್ನೆ ತ್ರಿವೇಣಿ ತೋರಿಸಿದಳು. ‘ಇದನ್ನ ಮಾಡಿದಾಂವ ಯಾರು, ಬಳಪದಾಗ ಗೀಚ್ಯಾನೇನು’ ಎಂದೆ. ‘ನೀವು ಬೆಣ್ಣಿ ಅಂದದ್ರಿ ಸರ್’ ಎಂದಳು. ಆ ಹುಡುಗಿ ಈಚೆಗೆ ಎದುರು ಮಾತಾಡುವುದನ್ನು ಕಲಿತಿದ್ದಾಳೆ. ಮೂರು: ನಾನು ಈ ವರ್ಷ ನೋಡಿದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದೇವೆ. ನಾನು ಪೂರ್ತಿ ಸರಿಹೋಗುವ ತನಕ ಬಳ್ಳಾರಿಯಿಂದ ಒಬ್ಬ ಡಾಕ್ಟರು ಬಂದು ನೋಡುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ.

ಕೆಲಸ ಬಿಡಬೇಡ. ನಯ ಮಾಡುವುದು ತಪ್ಪಲ್ಲ, ಮಿತಿ ಬೇಕು. ಮುಟ್ಟದ ಚಿತ್ರ ಒಂದು ಗುಂಡಿ ಒತ್ತಿದರೆ ಯಾವಾಗಲೂ ಸಿಗುವಂತಿರಲಿ. ಅದಿಲ್ಲದೆ ಕಂಪ್ಲಿಗಾಗಲಿ ಸಂಡೂರಿಗಾಗಲಿ ಕಳಿಸಿದರೆ ನಾನೇ ಬೇಡ ಎನ್ನುತ್ತೇನೆ.

ಹೊಸ ಚಿತ್ರಗಳನ್ನು ಕಳಿಸು. ಕಾಯುತ್ತಿದ್ದೇನೆ.

ಇತಿ,
ತಿರುಮಲ


ಹೊಸಪೇಟೆ
6 ಜನವರಿ 2025

ಪ್ರಿಯ ಸೌಜನ್ಯ,

ನಿನ್ನ ನಾಲ್ಕನೆಯ ಆವೃತ್ತಿ ಮುಟ್ಟಿತು. ಅದಕ್ಕೆ ಮೊದಲು ಹದಿನೇಳರ ಸಮಾಚಾರ. ನಾನು ಕಂಪ್ಲಿಗೆ ಹೋಗಿ ಕರೆತಂದೆ. ಮತ್ತೆ ಜೆಲ್ಲಿಗೆ ಕಿರುಚಿದಳು. ಬಳ್ಳಾರಿಯ ಡಾಕ್ಟರು ಬೇಗ ಬೇಗ ನೋಡಿ ‘ಬಿಡವಾ ಉಸಿರು’ ಎಂದರೆ, “ಇಷ್ಟ ಏನು? ಹಿಂದಕ ಅರ್ಧ ತಾಸು ಹಿಡಿಸಿದ್ರು” ಎಂದಳು. ಸಣ್ಣ ಸಣ್ಣ ಕಲ್ಲುಗಳು, ಒಂದೊಂದರ ಹಿಂದೆಯೂ ನೆರಳು. ನಮ್ಮ ಡಾಕ್ಟರು ಕುರ್ಚಿಯಿಂದ ಎದ್ದು ಅವಳ ಹತ್ತಿರ ಬಂದರು.

“ನಾ ಹೇಳಿರಲಿಲ್ಲೇನ್ರೀ ಯಪ್ಪಾ, ಗ್ಯಾಸು ಹಿಂಗ ಚುಚ್ಚಂಗಿಲ್ಲ ಅಂತ?”

“ಹೇಳಿದ್ದಿ, ಹುಲುಗಮ್ಮ. ಹೊಟ್ಟಿ ನಿಂದು, ಮಾತು ನಿಂದು. ನಾ ಕೇಳಬೇಕಿತ್ತು.”

ಆಪರೇಷನ್ನಿಗೆ ಅವರೇ ಮಾತಾಡಿ ಗೊತ್ತು ಮಾಡಿದ್ದಾರೆ. ಹೆಸರು ಮತ್ತೆ ಬರೆದೆ. ಈ ಸಲ ಅವಳೇ ಹೇಳಿದ್ದು: “ಆ ಮಿಲ್ಲಿನ ಸಾವ್ಕಾರ್ರ ಮಗಳಿಗೆ ಹೇಳು, ಹುಲುಗಮ್ಮನ ಕಲ್ಲು ಸಿಕ್ವು ಅಂತ.”

ಈಗ ನಿನ್ನ ಚಿತ್ರಗಳ ವಿಷಯ. ಮೊದಲ ಜೋಡಿ ಹಾಕಿದೆ. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಾಗದೆಯೇ, ‘ಎಡಕಿಂದು’ ಎಂದರು. ನಾನು ಒತ್ತಿದೆ. ಮುಂದಿನದಕ್ಕೆ ಹೋಗಲು ಬಿಡಲಿಲ್ಲ. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಪೊರೆ ಇನ್ನೂ ಇರುವ ಎಡಗಣ್ಣಿನಿಂದ ಅದೇ ಜೋಡಿಯನ್ನು ನೋಡಿದರು. ಮೂಗು ಪರದೆಯ ಹತ್ತಿರ ಹೋಯಿತು. “ಬಲಕಿಂದು. ಇದನ್ನೂ ಬರಕೋ. ಬ್ಯಾರೆ ಬರಕೋ.”

“ಎಡಗಣ್ಣಿಂದು ಯಾಕ್ರಿ ಸರ್?”

“ಕಂಪ್ಲ್ಯಾಗ ಇರೋ ಡಾಕ್ಟರು ನನಗಿಂತ ಎರಡು ವರ್ಷ ದೊಡ್ಡಾಂವ. ಸಂಡೂರಿನಾಂವ ನನ್ನ ವಾರಿಗಿ, ನನ್ನಷ್ಟ ವಯಸ್ಸು. ಅವರ ಕಣ್ಣು ಯಾವಾಗ ಮಂಜಾಗತಾವ ಅವರಿಗೇ ತಿಳಿಯಂಗಿಲ್ಲ. ನನಗ ತಿಳೀತೇನು? ಚಲೋ ಕಣ್ಣಿಗೂ ಮಂಜುಗಣ್ಣಿಗೂ ಕಲ್ಲಿನ ನೆರಳು ಮುಚ್ಚದಂಗ ಮಾಡಲಿ. ಇಂಥಾ ಎರಡೂ ಕಣ್ಣು ಒಂದ ತಲ್ಯಾಗ ಇರೋ ಮನುಷ್ಯ ಆಕಿಗೆ ಇನ್ನೆಲ್ಲಿ ಸಿಗತಾನ?”

ಹೀಗೆ ಪ್ರತಿ ಜೋಡಿಗೂ ಎರಡು ಉತ್ತರ. ಪೆನ್‌ಡ್ರೈವಿನಲ್ಲಿ ಎರಡು ಫೋಲ್ಡರ್ ಇವೆ, ಬಲಗಣ್ಣು, ಎಡಗಣ್ಣು. ಹಲವು ಕಡೆ ಎರಡೂ ಒಪ್ಪಿವೆ. ಒಪ್ಪದಿರುವ ಕಡೆಗಳಲ್ಲೇ ನಿನಗೆ ಕೆಲಸವಿದೆ ಎಂದು ಹೇಳಿದ್ದಾರೆ. ಈ ಸಲ ನಾನು ಫೈಲುಗಳನ್ನು ಎರಡೆರಡು ಸಲ ನೋಡಿ ಹಾಕಿದ್ದೇನೆ. ನಡುನಡುವೆ ಬೇಕೆಂದೇ ಒಂದೇ ಚಿತ್ರವನ್ನು ಎರಡೂ ಕಡೆ ಇಟ್ಟೆ. ಬಲಗಣ್ಣು ಪ್ರತಿ ಸಲ ಕಂಡುಹಿಡಿದು ನನ್ನನ್ನು ಬೈದಿತು.

ಇನ್ನೊಂದು ತೊಡಕಿದೆ. ಎಡಗಣ್ಣಿನ ಆಪರೇಷನ್ನಿಗೆ ಕಣ್ಣಿನ ಆಸ್ಪತ್ರೆಯವರು ಇದೇ ತಿಂಗಳು ಬನ್ನಿ ಎಂದಿದ್ದರು. ಡಾಕ್ಟರು ನಿನ್ನ ಕೊನೆಯ ಆವೃತ್ತಿ ನೋಡಿದ ಮೇಲೆಯೇ ಎಂದು ಕೂತಿದ್ದಾರೆ. ಸರಸ್ವತೀಬಾಯಿಯವರು ಪೇಪರ್ ಓದುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. “ಒಂದು ಕಣ್ಣು ಬಂದದಲ್ಲ, ನೀವ ಓದಿಕೋರಿ. ಇನ್ನೊಂದನ್ನ ಆ ಹುಡುಗಿಗೆ ಬರದು ಕೊಟ್ಟೀರಿ” ಎನ್ನುತ್ತಾರೆ. ದಿನವೂ ಪೋಸ್ಟ್‌ಮನ್ ಬಂದಾಗ ನನಗಿಂತ ಮೊದಲು ಅವರೇ ಎದ್ದು ಹೋಗುತ್ತಾರೆ.

ಆದ್ದರಿಂದ ಜಲ್ದಿ ಮಾಡು. ಏನಾದರೂ ಅಡ್ಡಿಯಾದರೆ ಪತ್ರಕ್ಕೆ ಕಾಯಬೇಡ, ಫೋನ್ ಮಾಡು. ಮಾತಾಡುತ್ತೇನೆ.

ನಿನ್ನ
ತ್ರಿವೇಣಿ